ಬೈಟು ಕಾಫಿಯ ಕೆನಡಾ

ಕೆನಡಾ ದೇಶವನ್ನು ನಾನು ನೋಡಿಲ್ಲ. ಅಲ್ಲಿ ನನಗೆ ನೆಂಟರಿಷ್ಟರೂ ಇಲ್ಲ. ಆದರೂ ಅಲ್ಲಿನ ಸರ್ಕಾರ ಅಲುಗಾಡಿದರೆ ಲಷ್ಕರ್ ಮೊಹಲ್ಲಾದಲ್ಲಿ ನನ್ನ ಕಾಫಿ ಆರಿಹೋಗುತ್ತಿತ್ತು.

ಈ ಹುಚ್ಚು ಹತ್ತಿದ್ದು ಶಿವಣ್ಣನವರ ಜೊತೆಯಲ್ಲಿ. ಅವರದು ಪಾತ್ರೆ ಅಂಗಡಿ, ಪಕ್ಕದಲ್ಲೇ ನನ್ನದು ಸೈಕಲ್ ರಿಪೇರಿ. ವಯಸ್ಸಾಗಿ ಅಂಗಡಿ ಬಿಟ್ಟ ಮೇಲೂ ದಿನಾ ಬೆಳಗ್ಗೆ ಹೋಟೆಲಿನಲ್ಲಿ ಸೇರಿ ಒಂದು ಕಾಫಿಯನ್ನು ಎರಡು ಲೋಟಕ್ಕೆ ಬೈಟು ಮಾಡಿಸುತ್ತಿದ್ದೆವು. ಇಲ್ಲಿನ ರಾಜಕೀಯ ಎತ್ತಿದರೆ ಕೊನೆಗೆ ಜಾತಿ ಬಂದೇ ಬರುತ್ತದೆ. ಅವರದು ಮಠದ ಮನೆತನ, ನಮ್ಮದು ಒಕ್ಕಲು. ಹಾಗಾಗಿ ಒಪ್ಪಂದ ಮಾಡಿಕೊಂಡೆವು: ವಾದ ಮಾಡುವುದಾದರೆ ನಮ್ಮಿಬ್ಬರ ಕಡೆಯವರೂ ಚುನಾವಣೆಗೆ ನಿಲ್ಲದ ದೇಶದ ಬಗ್ಗೆ. ನನ್ನ ಹೈಸ್ಕೂಲಿನ ಇಂಗ್ಲಿಷಿನಲ್ಲಿ ಪತ್ರಿಕೆಯ ವಿದೇಶ ಪುಟ ತಡಕಾಡಿದಾಗ ಸಿಕ್ಕಿದ್ದು ಕೆನಡಾ. ಅವರು ಉದಾರವಾದಿಗಳ ಕಡೆ, ನಾನು ಸಂಪ್ರದಾಯವಾದಿಗಳ ಕಡೆ.

"ಬಂದೂಕು ಇಟ್ಕೊಂಡೋರೆಲ್ಲ ನೋಂದಣಿ ಮಾಡಿಸ್ಲೇಬೇಕು ಕಣ್ರೀ ಗೌಡ್ರೆ" ಎನ್ನುವರು ಅವರು.

"ಕರಡಿ ಎದುರಿಗೆ ಬಂದ್ರೆ ರಸೀದಿ ತೋರಿಸಕ್ಕಾಯ್ತದ?" ಎನ್ನುವೆನು ನಾನು.

ಯಾರ ಮನಸ್ಸೂ ನೋಯುತ್ತಿರಲಿಲ್ಲ. ನಮ್ಮ ರಾಜ್ಯದ ಸಮ್ಮಿಶ್ರ ಸರ್ಕಾರ ಮುರಿದುಬಿದ್ದ ದಿನ ಒಪ್ಪಂದ ಮುರಿದವನು ನಾನೇ. "ನಂಬಕ್ಕಾಗಲ್ಲ ಬುಡಿ, ನಿಮ್ ಜನಾನೇ ಅಂಗೆ" ಅಂದುಬಿಟ್ಟೆ. ಶಿವಣ್ಣನವರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. "ನಾನೂ ನಿಮ್ಮೋನೇ ಅಂದ್ಕೊಂಡಿದ್ದೆ ಗೌಡ್ರೆ" ಎಂದು ಎದ್ದುಹೋದರು.

ಆಮೇಲೆ ಒಬ್ಬನೇ ಕೂತೆ. ಒಬ್ಬನಿಗೆ ಬೈಟು ಕೊಡುವುದಿಲ್ಲ, ಇಡೀ ಕಾಫಿ ಕುಡಿದರೆ ನನಗೆ ಎದೆಯುರಿ. ಕೆನಡಾದಲ್ಲಿ ನನ್ನ ಪಕ್ಷವೇ ಗೆದ್ದಿತು; ಬೀಗೋಣವೆಂದರೆ ಎದುರಿಗೆ ಸೋತವರು ಬೇಕಲ್ಲ.

ಒಂದು ದಿನ ಸುದ್ದಿ ಬಂತು. ಗೆದ್ದ ನನ್ನ ಪಕ್ಷಕ್ಕೆ ಬಹುಮತವಿಲ್ಲದ್ದರಿಂದ ಅವರ ಉದಾರವಾದಿಗಳೂ ಇನ್ನೊಂದು ವಿರೋಧ ಪಕ್ಷವೂ ಕೂಡಿ ಸರ್ಕಾರ ಮಾಡುವುದಂತೆ, ಫ್ರೆಂಚ್ ಮಾತಿನ ಪ್ರಾಂತ್ಯದ ಪಕ್ಷ ಒಳಗೆ ಸೇರದೆ ಹೊರಗಿನಿಂದ ಬೆಂಬಲ ಕೊಡುವುದಂತೆ. ಅದನ್ನೇ ನೆಪ ಮಾಡಿಕೊಂಡು ಶ್ರೀರಾಂಪುರಕ್ಕೆ, ಶಿವಣ್ಣನವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಸುದ್ದಿ ಒಪ್ಪಿಸಿದೆ. ಕೊನೆಗೆ, "ಅವತ್ತು ನಾನಂದಿದ್ದು ತಪ್ಪಾಯ್ತು" ಎಂದೆ.

ಅವರು ಬಾಗಿಲಿಗೆ ಅಡ್ಡವಾಗಿಯೇ ನಿಂತಿದ್ದರು. "ಒಂದೇ ಟೇಬಲಿಗೆ ಬರಕ್ಕೆ ಇನ್ನೂ ಮನಸ್ಸಿಲ್ಲ. ಬೇಕಾದ್ರೆ ಹೊರಗಿನ ಬೆಂಬಲ ಕೊಡ್ತೀನಿ" ಎಂದರು.

ಕೆನಡಾದ ಆ ಕೂಟ ಅಧಿಕಾರಕ್ಕೇ ಬರಲಿಲ್ಲ. ನಮ್ಮದು ನಡೆಯುತ್ತಿದೆ. ಶಿವಣ್ಣನವರು ಪಕ್ಕದ ಟೇಬಲಿನಲ್ಲಿ ಪತ್ರಿಕೆಯಿಂದ ಮುಖ ಮರೆಮಾಡಿ ಕೂರುತ್ತಾರೆ. ಸಪ್ಲೈಯರ್ ಒಂದು ಬೈಟು ತಂದು ಅರ್ಧ ಅಲ್ಲಿ, ಅರ್ಧ ಇಲ್ಲಿ ಇಡುತ್ತಾನೆ. ಮಾತಿಲ್ಲ. ಅವರ ಲೋಟಕ್ಕೆ ಕಾಫಿ ಕಡಿಮೆ ಬಿದ್ದ ದಿನ ಮಾತ್ರ ಪತ್ರಿಕೆಯ ಹಿಂದಿನಿಂದ ಒಂದು ಸಣ್ಣ ಕೆಮ್ಮು ಕೇಳಿಸುತ್ತದೆ. ನಾನು ಎದ್ದು ಹೋಗಿ ನನ್ನ ಲೋಟ ಅಲ್ಲಿಟ್ಟು ಅವರದನ್ನು ತರುತ್ತೇನೆ. ಸರ್ಕಾರ ಆ ದಿನಕ್ಕೆ ಉಳಿಯುತ್ತದೆ.