ದಡ ಸೇರಿದವನ ಚಿಪ್ಪಿನ ನೂಡಲ್ಸ್

ಓಣಿಯವರೆಲ್ಲ ಅವನನ್ನು 'ಕ್ಯಾಪ್ಟನ್' ಅನ್ನುತ್ತಿದ್ದರು. ಕ್ಯಾಪ್ಟನ್ನೂ ಇಲ್ಲ, ಮಣ್ಣೂ ಇಲ್ಲ! ಮೂವತ್ತೊಂದು ವರ್ಷ ಸರಕು ಹಡಗಿನ ಅಡುಗೆಮನೆಯಲ್ಲಿ ಸೌಟು ತಿರುವಿದವನು. ಕೆಲಸ ಬಿಟ್ಟು ಮನೆಗೆ ಬಂದು ಹದಿನೈದು ದಿನವಾಗಿತ್ತು. ಹೆಂಡತಿ ಹೊತ್ತುಹೊತ್ತಿಗೆ ಬಡಿಸುತ್ತಿದ್ದಳು, "ಇನ್ನೊಂಚೂರು ಹಾಕ್ಲಾ?" ಎಂದು ನೆಂಟರನ್ನು ಕೇಳುವ ಹಾಗೆ ಕೇಳುತ್ತಿದ್ದಳು, ಅವನು ಉಂಡು ಎದ್ದುಹೋದ ಮೇಲೆ ತಾನೊಬ್ಬಳೇ ಉಣ್ಣುತ್ತಿದ್ದಳು. ಅದೇ ಅವನನ್ನು ಕಾಡುತ್ತಿತ್ತು. ಈ ಮನೆಯಲ್ಲಿ ತಾನು ಬಂದುಹೋಗುವವನೋ, ಇರುವವನೋ?

ಆ ಭಾನುವಾರ, "ಇವತ್ತು ಅಡುಗೆ ನಂದು" ಅಂದ.

"ಹಡಗಿಗೆಲ್ಲಾ ಆಗೋಷ್ಟು ಮಾಡಿಟ್ಟೀರಾ, ಹುಷಾರು!" ಅಂದಳು ಅವಳು. ನಕ್ಕಳೋ ಇಲ್ಲವೋ, ತಿಳಿಯಲಿಲ್ಲ.

ಮರಳು ಬಿಡಲೆಂದು ಉಪ್ಪುನೀರಿಗೆ ಹಾಕಿಟ್ಟಿದ್ದ ಕಪ್ಪೆಚಿಪ್ಪುಗಳನ್ನು ಒಂದೊಂದಾಗಿ ತಟ್ಟಿ ನೋಡಿದ. ತಟ್ಟಿದರೂ ಬಾಯಿ ಮುಚ್ಚದವನ್ನು ಎಸೆದ. ಕಾದ ಎಣ್ಣೆಯಲ್ಲಿ ಶುಂಠಿ, ಬೆಳ್ಳುಳ್ಳಿ, ಒಣಮೆಣಸು ಚುರ್ ಅಂದವು. ಚಿಪ್ಪು ಸುರಿದು ಮುಚ್ಚಳ ಮುಚ್ಚಿದ. ಒಳಗೆ ಅವು ಟಕ್, ಟಕ್ ಎಂದು ಬಾಯಿಬಿಡತೊಡಗಿದವು. ಆವಿ ಕಿಟಕಿಗೆ ಹಬ್ಬಿ ಎದುರುಮನೆ, ತಂತಿ, ಒಣಹಾಕಿದ ಬಟ್ಟೆ ಎಲ್ಲ ಕರಗಿಹೋದವು. ಅರೆ, ನೆಲ ಮೆಲ್ಲಗೆ ತೂಗುತ್ತಿದೆ! ಅವನ ಕಾಲುಗಳು ತಾವಾಗಿಯೇ ಅಗಲವಾದವು, ಸೊಂಟ ಕಟ್ಟೆಗೆ ಆತುಕೊಂಡಿತು. ಯಾವ ಸಮುದ್ರವೋ, ಯಾವ ಬೆಳಗೋ. ಕಂಡ ಬೆಳಗುಗಳೆಲ್ಲ ಒಂದೇ ಆಗಿ ಆ ಬಿಳುಪಿನಲ್ಲಿ ತೇಲುತ್ತಿದ್ದವು.

"ರೀ, ತಳ ಹಿಡೀತಿದೆ!"

ಬೆಚ್ಚಿ ಎಚ್ಚೆತ್ತು, ಬೇಯಿಸಿಟ್ಟ ನೂಡಲ್ಸ್, ಸೋಯಾ ಸಾಸ್ ಹಾಕಿ ಎತ್ತಿ ಎತ್ತಿ ಹೊರಳಿಸಿದ. ಮೇಲೆ ಈರುಳ್ಳಿ ಸೊಪ್ಪು ಉದುರಿಸಿದ. ಒಂದು ತಟ್ಟೆ ಬಡಿಸಿ ಅವಳ ಮುಂದಿಟ್ಟು, ಬಾಗಿಲ ಬಳಿ ಹೋಗಿ ಕೈಕಟ್ಟಿ ನಿಂತ. ಹಡಗಿನಲ್ಲಿ ಅವನು ಉಣ್ಣುತ್ತಿದ್ದುದು ಎಲ್ಲರೂ ಉಂಡು ಎದ್ದ ಮೇಲೆ. ತಾನು ಅಡುಗೆ ಮಾಡಿದರೆ ಬೇರೆ ಅಭ್ಯಾಸ ಅವನಿಗಿರಲಿಲ್ಲ.

ಅವಳು ಎರಡು ತುತ್ತು ತಿಂದಳು. ಕೈ ಅಲ್ಲಿಗೇ ನಿಂತಿತು.

"ಚೆನ್ನಾಗಿಲ್ವಾ?" ಅವನು ಬಾಗಿಲಿಂದಲೇ ಕೇಳಿದ.

"ಚೆನ್ನಾಗೇ ಇದೆ. ಇಷ್ಟು ವರ್ಷ ಒಬ್ಳೇ ಕೂತು ಉಂಡಿದೀನಿ ರೀ. ನೀವು ಮನೇಲಿದ್ದೂ ಹಾಗೇ ಉಣ್ಬೇಕಾ?" ಅವಳ ಕಣ್ಣು ತುಂಬಿತ್ತು, ದನಿಯಲ್ಲಿ ಸಿಟ್ಟಿತ್ತು.

"ತಡಿ, ತಟ್ಟೆ ತರ್ತೀನಿ."

"ತಟ್ಟೆಯಂತೆ ತಟ್ಟೆ! ಬನ್ನಿ ಇಲ್ಲಿ." ತನ್ನ ತಟ್ಟೆಯನ್ನೇ ಮೇಜಿನ ನಡುವಿಗೆ ಸರಿಸಿದಳು.

ಅವನು ಕುರ್ಚಿ ಎಳೆದು ಕೂತ. ಮೊದಲ ತುತ್ತು ಬಾಯಿಗಿಟ್ಟವನೇ ಅತ್ತುಬಿಟ್ಟ.