ಐದು ಕೂಸುಗಳ ಸೀಸೆ

ತೊಂಬತ್ತರ ದಶಕದಲ್ಲಿ ನಾವು ಮುದ್ದೇಬಿಹಾಳ ತಾಲ್ಲೂಕಿನ ಒಂದು ಊರಿನಲ್ಲಿದ್ದೆವು. ಒಂಬತ್ತು ತಿಂಗಳ ಮಗಳಿಗೆ ದಡಾರದ ಲಸಿಕೆ ಹಾಕಿಸಲು ಆಸ್ಪತ್ರೆಗೆ ಹೋದೆವು. ಅಂದು ಸಂತೆ ಇದ್ದುದರಿಂದ ಬೇರೆ ಮಕ್ಕಳು ಬಂದಿರಲಿಲ್ಲ.

“ಒಂದ್ ಬಾಟ್ಲಿ ಐದು ಕೂಸಿಗಿ ಬರ್ತೈತ್ರಿ. ಒಡದ್ರ ಇವತ್ತ ಮುಗಿಸಬೇಕು. ಮುಂದಿನ ವಾರ ಬರ್ರಿ,” ಎಂದಳು ಹೊಸದಾಗಿ ಬಂದಿದ್ದ ನರ್ಸ್.

“ನಮ್ಮ ಓಣ್ಯಾಗ ದಡಾರ ಎದ್ದೈತ್ರಿ. ವಾರಗಟ್ಟಲೆ ಹೆಂಗ ಕಾಯೂದು?” ಎಂದಳು ನನ್ನ ಹೆಂಡತಿ.

ಒಳಗಿನಿಂದ ಬಂದ ಹಿರಿಯ ನರ್ಸ್ ಸೀಸೆ ಒಡೆದು ಮಗಳಿಗೆ ಸೂಜಿ ಮಾಡಿದರು. ಆಮೇಲೆ ಕಿರಿಯಳತ್ತ ತಿರುಗಿದರು. “ಒಂದ ಕೂಸು ಬಂದ್ರೂ ಒಡೀಬೇಕವಾ, ನಿಯಮಾನ ಹಂಗೈತಿ. ಒಂದ್ ಸೀರಿ ಆರಸಾಕ ನಾಕ್ ಅಂಗಡಿ ತಿರಗ್ತಿ. ಸಂತ್ಯಾಗ ನಾಕ್ ಕೂಸು ಸಿಗೂದಿಲ್ಲೇನು?”

ಅರ್ಧ ತಾಸಿನಲ್ಲಿ ಕಿರಿಯಳು ಇಬ್ಬರು ತಾಯಂದಿರನ್ನು ಕರೆತಂದಳು. ಒಬ್ಬಳ ಕಂಕುಳಲ್ಲಿ ಕೂಸು, ತಲೆಯ ಮೇಲೆ ಇನ್ನೂ ಮಾರದ ಬದನೆಕಾಯಿ ಬುಟ್ಟಿ. ಆ ಎರಡು ಕೂಸುಗಳಿಗೂ ಲಸಿಕೆ ಆಯಿತು. ಅವು ಅಳುವುದು ನಿಲ್ಲುವ ಮೊದಲೇ ಕಿರಿಯಳು ಬಾಗಿಲು ದಾಟಿದ್ದಳು.

“ಮತ್ತ ಎಲ್ಲಿಗವಾ?” ಎಂದರು ಹಿರಿಯ ನರ್ಸ್.

“ಇನ್ನ ಎರಡು ಬೇಕಲ್ರಿ ಅಕ್ಕಾರ. ಬಳಿ ಅಂಗಡಿ ಕಡೆ ನೋಡೇ ಇಲ್ಲ.”