ಅರ್ಧ ಕಂಡ ಅತ್ತೆ

ಈ ಬರಹದ ಮೊದಲ ಸಾಲನ್ನು ನಾನು ಅರ್ಧವೇ ನೋಡಿ ಬರೆದೆ. ಇನ್ನರ್ಧ ಕೈಯ ರೂಢಿಯ ಮೇಲೆ ಬಂತು. ಆಮೇಲೆ ಪೆನ್ನು ಮುಚ್ಚಿಟ್ಟು, ಕಿಟಕಿಗೆ ಹಳೆಯ ಸೀರೆ ಕಟ್ಟಿ, ಎರಡು ದಿನ ಮಲಗಿ, ಈಗ ಎದ್ದು ಮುಂದುವರಿಸುತ್ತಿದ್ದೇನೆ. ಮೈಯಲ್ಲಿ ಇನ್ನೂ ತ್ರಾಣವಿಲ್ಲ. ದಯವಿಟ್ಟು ಗಟ್ಟಿಯಾಗಿ ಓದಬೇಡಿ.

ನನ್ನದು ಅರೆತಲೆನೋವು. ಹಳೆಯ ವೈದ್ಯಗ್ರಂಥಗಳು ಇದನ್ನು ಅರ್ಧಾವಭೇದಕ ಎನ್ನುತ್ತವೆ. ಆ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಉಳಿದರ್ಧ ತಲೆಯೂ ನೋಯುತ್ತದೆ. ಬಳ್ಳಾರಿ ಕಂಟೋನ್ಮೆಂಟಿನ ಡಾಕ್ಟರು ಮೈಗ್ರೇನ್ ಎನ್ನುತ್ತಾರೆ. ಕುರುಗೋಡಿನ ನಮ್ಮವ್ವ ತಲಿಶೂಲಿ ಅನ್ನುತ್ತಿದ್ದಳು. ಎಲ್ಲರ ಔಷಧವನ್ನೂ ನುಂಗಿದ್ದೇನೆ. ಸೂರ್ಯ ಹುಟ್ಟುವ ಮೊದಲು ಹಾಲಿನಲ್ಲಿ ನೆನೆಸಿದ ಜಿಲೇಬಿ ತಿನ್ನಬೇಕೆಂದು ಪಕ್ಕದ ಮನೆಯವರು ಹೇಳಿದ್ದನ್ನಂತೂ ಒಂದು ದಿನವೂ ತಪ್ಪಿಸಲಿಲ್ಲ. ನೋವು ಹೋಗಲಿಲ್ಲ, ರವಿಕೆಗಳು ಬಿಗಿಯಾದವು.

ನೋವನ್ನಾದರೂ ಜನ ನಂಬುತ್ತಾರೆ. ಅದಕ್ಕೂ ಮುಂಚೆ ಕಣ್ಣಿಗೆ ಬರುವುದಿದೆಯಲ್ಲ, ಅದನ್ನು ಹೇಗೆ ಹೇಳುವುದು? ಬಿಸಿಲಲ್ಲಿ ಹಿತ್ತಾಳೆ ಕೊಡ ನೋಡಿ ಒಳಗೆ ಬಂದರೆ ಕಣ್ಣಲ್ಲಿ ಒಂದು ಚುಕ್ಕೆ ಉಳಿಯುತ್ತದೆ, ಮೊದಲು ಅಂಥದ್ದೊಂದು ಬರುತ್ತದೆ. ಅದು ಮೆಲ್ಲಗೆ ಬೆಳೆದು ಕುಡುಗೋಲಿನಂತೆ ಬಾಗುತ್ತದೆ. ಅಂಚಿಗೆ ಇಳಕಲ್ಲ ಸೀರೆಯ ಸೆರಗಿನಲ್ಲಿರುವಂಥ ಹಲ್ಲುಗಳು ಮೂಡಿ, ಮಿಣಮಿಣ ಕುಣಿಯತೊಡಗುತ್ತವೆ. ಅದರೊಳಗೆ ಏನೂ ಕಾಣುವುದಿಲ್ಲ. ಕತ್ತಲೆ ಅಂದುಕೊಳ್ಳಬೇಡಿ, ಕತ್ತಲೆಯಾದರೂ ಕಾಣುತ್ತದೆ. ಎದುರಿಗೆ ಕೂತವರಿಗೆ ಒಂದು ಕಣ್ಣು, ಒಂದು ಕಿವಿ ಇರುತ್ತದೆ. ಇನ್ನೊಂದು ಕಡೆಯೇ ಇರುವುದಿಲ್ಲ. ಅರ್ಧ ಗಂಟೆಯೊಳಗೆ ಎಲ್ಲ ಮರಳಿ ಬರುತ್ತದೆ, ಬೆನ್ನಿಗೇ ತಲೆ ಸಿಡಿಯತೊಡಗುತ್ತದೆ.

ಮೊದಲ ಸಲ ಬಂದಾಗ ನನಗೆ ಹನ್ನೆರಡು ವರ್ಷ. ಅವ್ವನಿಗೆ ಹೇಳಿದೆ. ಅವಳು ಬಾಗಿಲು ಹಾಕಿಕೊಂಡು ಬಂದಳು.

"ಯಾರ ಮುಂದನೂ ಬಾಯಿ ಬಿಡಬ್ಯಾಡ. ಹುಡುಗಿಗೆ ಕಣ್ಣ ಕಾಣಂಗಿಲ್ಲಂತ ಊರಾಗ ಹಬ್ಬಿದ್ರ ನಿನ್ನ ಯಾರು ಮಾಡಿಕೊಂತಾರ? ನಿನ್ನ ಹಿಂದ ತಂಗಿ ಬ್ಯಾರೆ ಅದಾಳ."

ಹೀಗಾಗಿ ಬಾಯಿ ಬಿಡಲಿಲ್ಲ. ಬಂದಾಗಲೆಲ್ಲ ಪಿತ್ತ ಎಂದು ಹೇಳಿ ಹಿತ್ತಲಿಗೆ ಹೋಗಿ ಕೂರುತ್ತಿದ್ದೆ.

ಬಳ್ಳಾರಿಯಿಂದ ನನ್ನನ್ನು ನೋಡಲು ಬಂದದ್ದು ಯುದ್ಧದ ಕಾಲದಲ್ಲಿ. ಪೆಟ್ರೋಲ್ ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಹೊಗೆ ಕಾರುತ್ತ ಓಡುತ್ತಿದ್ದವು. ಅಂಥ ಬಸ್ಸಿನಲ್ಲಿ, ಸೋಮವಾರ ಮಧ್ಯಾಹ್ನ ಗಂಡಿನ ಕಡೆಯವರು ಬಂದಿಳಿದರು. ಸೋಮವಾರ ಎರಡೂ ಮನೆಗಳಲ್ಲಿ ಒಪ್ಪತ್ತು. ಸಂಜೆ ದೀಪ ಹಚ್ಚಿ ಪೂಜೆ ಮುಗಿಯುವ ತನಕ ಹೆಂಗಸರು ಏನೂ ಮುಟ್ಟುವಂತಿಲ್ಲ. ಹೆಣ್ಣು ನೋಡಲು ಒಳ್ಳೆಯ ದಿನವಂತೆ. ಯಾರಿಗೆ ಒಳ್ಳೆಯದೋ ಶಿವನೇ ಬಲ್ಲ.

ಆಗ ನೋಡುವುದೆಂದರೆ ಪರೀಕ್ಷೆಯೇ. ನಡೆಸುತ್ತಿದ್ದರು, ಹಾಡಿಸುತ್ತಿದ್ದರು, ಕೊನೆಗೆ ಸೂಜಿಗೆ ದಾರ ಪೋಣಿಸಲು ಕೊಡುತ್ತಿದ್ದರು. ಕಣ್ಣು, ಕೈ ಎರಡೂ ಒಟ್ಟಿಗೇ ತಿಳಿಯುತ್ತವೆಂದು. ಅತ್ತೆಯಾಗುವವರು ಸೂಜಿಯನ್ನು ನನ್ನ ಅಂಗೈಯಲ್ಲಿಟ್ಟರು. ಅಷ್ಟರಲ್ಲಿ ಚುಕ್ಕೆ ಬಂತು. ಅದು ಬೆಳೆಯಿತು, ಹಲ್ಲು ಬಿಟ್ಟಿತು, ಅತ್ತೆಯ ಅರ್ಧ ಮುಖವನ್ನು ತಿಂದುಹಾಕಿತು. ದಾರವನ್ನು ನಾಲಿಗೆಗೆ ಒತ್ತಿ ಚುಚ್ಚಿದೆ, ಹೋಗಲಿಲ್ಲ. ಮತ್ತೆ ಚುಚ್ಚಿದೆ. ಬಾಗಿಲ ಬಳಿ ಅವ್ವ ನಿಂತಿದ್ದಳು, ಅವಳ ಸೆರಗಿನ ಹಿಂದೆ ತಂಗಿಯಿದ್ದಳು. ಮೂರನೇ ಸಲವೂ ಆಗದಿದ್ದಾಗ ನನಗೆಲ್ಲಿಂದ ಧೈರ್ಯ ಬಂತೋ, ಸೂಜಿಯನ್ನೂ ದಾರವನ್ನೂ ಒಟ್ಟಿಗೆ ಚಿವುಟಿ ಹಿಡಿದು ಎತ್ತಿ ತೋರಿಸಿ, "ಆತ್ರಿ" ಅಂದೆ.

ಅತ್ತೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಚುರುಕ ಅದಾಳ ಹುಡುಗಿ," ಅಂದರು. "ಎಲಿ ಅಡಿಕಿ ತರ್ರಿ."

ಖಾಲಿ ಸೂಜಿಯನ್ನು ಕಂಡೂ ನನ್ನ ಮಾನ ಉಳಿಸಿದ ಮಹಾತಾಯಿ! ಆ ಋಣ ತೀರಿಸಲು ಆರು ವರ್ಷ ಅವರ ಕಾಲೊತ್ತಿದೆ. ಸಾರಿಗೆ ಉಪ್ಪು ಕಡಿಮೆಯೆಂದು ಬೈದರೆ ತಲೆ ತಗ್ಗಿಸಿ ಉಪ್ಪು ಹಾಕಿದೆ. ಆದರೆ ಕಣ್ಣಿನ ಸಂಗತಿ ಮಾತ್ರ ಹೇಳಲಿಲ್ಲ. ಕೈ ನಡುಗಿತೆಂದು ಕ್ಷಮಿಸಿರಬಹುದು, ಕಣ್ಣೇ ಹೀಗೆಂದರೆ? ಮಾತು ಕುರುಗೋಡಿಗೆ ಮುಟ್ಟಿದರೆ ತಂಗಿಯ ಗತಿ? ತಲೆ ಸಿಡಿಯುತ್ತಿರುವಾಗಲೇ ರೊಟ್ಟಿ ಬಡಿದೆ. ಆ ಆರು ವರ್ಷದ ದಣಿವು ಇನ್ನೂ ಹೋಗಿಲ್ಲ.

ತಂಗಿಯ ಮದುವೆಯಾಗಿ ಅಕ್ಕಿಕಾಳು ಬಿದ್ದ ಮೇಲೆ ನನಗೆ ಉಸಿರಾಡಲು ಬಂತು. ಆ ಬೇಸಿಗೆಯ ಒಂದು ಮಧ್ಯಾಹ್ನ ಅತ್ತೆ ಉಗ್ರಾಣದ ಕತ್ತಲಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಮಲಗಿದ್ದರು. ಅವರ 'ಪಿತ್ತ' ಮನೆಗೆಲ್ಲ ಗೊತ್ತಿದ್ದದ್ದೇ. ಶುಂಠಿ ತೇದು ತೆಗೆದುಕೊಂಡು ಹೋದೆ, ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಚುಕ್ಕೆ, ಹಲ್ಲು, ಸೂಜಿ, ಎಲ್ಲ.

ಅತ್ತೆ ಬಟ್ಟೆ ಸರಿಸಿ ಒಂದು ಕಣ್ಣು ತೆರೆದರು.

"ಅಂದ್ರ ನೀ ಅವತ್ತ ಪೋಣಿಸಿದ್ದಿಲ್ಲೇನು?"

"ನೀವ ನೋಡಿದ್ರೆಲ್ಲ ಅತ್ತಿ?"

"ಎಲ್ಲಿ ನೋಡಲೇ ಮಾರಾಯ್ತಿ! ಹೊಟ್ಯಾಗ ಏನಿಲ್ಲ, ಆ ಇದ್ದಿಲ ಬಸ್ಸಿನ ಹೊಗಿ, ಮ್ಯಾಲ ಬಿಸಿಲು. ನಿಮ್ಮ ಹೊಸ್ತಿಲಾ ದಾಟೂದ್ರಾಗ ನನಗೂ ಇದ ಮಿಣಮಿಣ ಸುರುವಾಗಿತ್ತು. ನೀನ ನನಗ ಅರ್ಧ ಕಾಣತಿದ್ದಿ, ಇನ್ನ ಸೂಜಿ ಎಲ್ಲಿ ಕಾಣಬೇಕು? ಲಗೂನ ಮುಗಿಸಿ ಮಕ್ಕೊಂಡ್ರ ಸಾಕಾಗಿತ್ತು."

ಮೊದಲು ನನಗೆ ಬಂದದ್ದು ಸಿಟ್ಟು. ಆರು ವರ್ಷ ಕಾಲೊತ್ತಿದ್ದೆಲ್ಲ ನೀರುಪಾಲು! ಆಮೇಲೆ ಕೇಳಿದೆ, ಇದನ್ನು ಯಾರಿಗೂ ಹೇಳಿರಲಿಲ್ಲವೇ ಎಂದು.

"ಹೇಳಿದ್ರ ನಿಮ್ಮ ಮಾವ ನನ್ನ ತವರಿಗೆ ಕಳಿಸತಿದ್ರವಾ," ಅಂದರು. "ಮೂವತ್ತ ವರ್ಷ ಆತು."

ಇಬ್ಬರಿಗೂ ನಗು ಬಂತು. ನಕ್ಕರೆ ತಲೆ ಇನ್ನಷ್ಟು ಸಿಡಿಯುತ್ತದೆಂದು ಅತ್ತೆ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಕ್ಕರು. ಆಮೇಲೆ ನನಗೆ ಅಳು ಬಂತು. ಅವರು ಒದ್ದೆ ಬಟ್ಟೆಯ ಒಂದು ತುದಿಯನ್ನು ನನ್ನ ಕೈಗೆ ಕೊಟ್ಟರು.

ಹೋದ ತಿಂಗಳು ಮೈದುನನಿಗೆ ಹೆಣ್ಣು ನೋಡಲು ನಾವಿಬ್ಬರೂ ಸಿರುಗುಪ್ಪಕ್ಕೆ ಹೋಗಿದ್ದೆವು. ಮತ್ತೆ ಸೋಮವಾರ. ಹೊರಡುವ ಮುಂಚೆ ಅತ್ತೆ ಅಡಿಗೆಮನೆಯ ಬಾಗಿಲು ಹಾಕಿ, ಶಿವನಿಗೆ ಬೆನ್ನು ಮಾಡಿ, ತಾವೂ ಎರಡು ರೊಟ್ಟಿ ತಿಂದು ನನಗೂ ತಿನ್ನಿಸಿದ್ದರು. ಹುಡುಗಿ ಬಂದು ಕೂತಳು. ಅವಳ ತಾಯಿ ತಾನಾಗಿಯೇ ತಟ್ಟೆಯಲ್ಲಿ ಸೂಜಿ ದಾರ ತಂದಿಟ್ಟಳು. ಅತ್ತೆ ತಟ್ಟೆಯನ್ನು ಆಚೆ ಸರಿಸಿದರು.

"ಊಟ ಆಗೈತೇನವಾ?"

"ಸೋಮವಾರ ಅಲ್ರಿ," ಅಂದಳು ತಾಯಿ ಗಾಬರಿಯಾಗಿ. "ದೀಪ ಹಚ್ಚೂತನಕ ಏನೂ ಮುಟ್ಟಂಗಿಲ್ರಿ."

"ಶಿವಗ ನಾ ಹೇಳಿಕೊಂತೀನಿ. ಮೊದಲ ಕೂಸಿಗೆ ಉಣ್ಣಾಕ ನೀಡ್ರಿ."

ಹುಡುಗಿ ನಮ್ಮೆದುರಿಗೇ ಉಂಡಳು. ನಾಚಿಕೆಯಿಂದ ಶುರುಮಾಡಿದವಳು ಆಮೇಲೆ ನಾಚಿಕೆ ಮರೆತಳು. ಎಲ್ಲೂ ಚುಕ್ಕೆಯಿಲ್ಲ, ಹಲ್ಲಿಲ್ಲ. ನನಗವಳು ಎರಡು ಕಣ್ಣು, ಎರಡು ಕೆನ್ನೆ ಸಮೇತ ಕಂಡಳು. ರೊಟ್ಟಿ ಮುಗಿಯಿತು. ಇನ್ನೊಂದು ಕೇಳಬಹುದೋ ಬೇಡವೋ ಎಂದು ತಲೆಯೆತ್ತಿ ಅತ್ತೆಯನ್ನು ನೋಡಿದಳು. ನಾನು ಆರು ವರ್ಷ ಅರ್ಧವೇ ಕಂಡಿದ್ದ ಅತ್ತೆಯನ್ನು ಆ ಹುಡುಗಿ ಮೊದಲ ದಿನವೇ ಪೂರ್ತಿ ನೋಡಿದಳು.